ಹನ್ನೊಂದನೇ ವಾರ್ಡಿನ ನಕಲಿಗಳು

ನವೆಂಬರ್ 4, ಮಂಗಳವಾರ

ಪುರಸಭೆ ಚುನಾವಣೆ ಘೋಷಣೆಯಾಯಿತು. ಇಷ್ಟು ದಿನ ಮೂಲೆ ಹಿಡಿದಿದ್ದ ಬಿಳಿ ಪಂಚೆ, ಬಿಳಿ ಷರಟುಗಳೆಲ್ಲ ಇವತ್ತು ಬೆಳಗ್ಗೆಯೇ ಇಸ್ತ್ರಿ ಅಂಗಡಿಯಲ್ಲಿ ಸಾಲುಗಟ್ಟಿದ್ದವು. ನಮ್ಮ ಹನ್ನೊಂದನೇ ವಾರ್ಡಿನ ಚರಂಡಿ ಕಟ್ಟಿಕೊಂಡು ಎರಡು ವರ್ಷವಾದರೂ ಬಗ್ಗಿ ನೋಡದ ಜನ, ಅದೇ ಚರಂಡಿಯ ಪಕ್ಕ ನಿಂತು ನನಗೆ ನಮಸ್ಕಾರ ಹೊಡೆದರು. ಮೂಗಿಗೆ ಟವೆಲ್ ಮುಚ್ಚಿಕೊಂಡು ಹೊಡೆದ ನಮಸ್ಕಾರ. ನಾನು ತಿರುಗಿ ಹೊಡೆಯಲಿಲ್ಲ.

ಮೂವತ್ತಾರು ವರ್ಷ ಸಾರಿಗೆ ಬಸ್ಸಿನ ಕಂಡಕ್ಟರಾಗಿದ್ದವನು ನಾನು. ಕೆ.ಆರ್. ಪೇಟೆಯಿಂದ ಕಿಕ್ಕೇರಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ ಅಂತ ಓಡಾಡಿ ಎಷ್ಟು ಲಕ್ಷ ಮುಖ ನೋಡಿದ್ದೇನೋ ಲೆಕ್ಕವಿಲ್ಲ. ಟಿಕೆಟ್ ತೆಗೆದುಕೊಳ್ಳದವನನ್ನು ಹಿಡಿಯಲು ನಾನು ಅವನ ಕೈ ನೋಡುತ್ತಿರಲಿಲ್ಲ, ಮುಖ ನೋಡಿದರೆ ಸಾಕಿತ್ತು. ಟಿಕೆಟ್ ಇರುವವನು ತೂಕಡಿಸುತ್ತಾನೆ, ಕೆರೆದುಕೊಳ್ಳುತ್ತಾನೆ, ಪಕ್ಕದವನ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಟಿಕೆಟ್ ಇಲ್ಲದವನು ಮಾತ್ರ ಕಿಟಕಿಯಾಚೆಯ ಕಬ್ಬಿನ ಗದ್ದೆಯನ್ನು ಈಗಲೇ ಕೊಂಡುಕೊಳ್ಳುವವನಂತೆ ಗಂಭೀರವಾಗಿ ನೋಡುತ್ತಿರುತ್ತಾನೆ.

ಪಕ್ಷೇತರ ಅಂತ ನಿಲ್ಲುವವರಲ್ಲಿ ಅರ್ಧಕ್ಕರ್ಧ ಇದೇ ಜಾತಿ. ಗೆಲ್ಲಲು ನಿಂತವರಲ್ಲ, ಇನ್ನೊಬ್ಬರ ಓಟು ಒಡೆಯಲು ಯಾರೋ ತಂದು ನಿಲ್ಲಿಸಿದವರು. ಊರಿನವರು ಡಮ್ಮಿ ಅನ್ನುತ್ತಾರೆ. ನಾನು ನೇರವಾಗಿ ನಕಲಿ ಅನ್ನುತ್ತೇನೆ. ಈ ಸಲ ನಮ್ಮ ಊರಿನ ಅಷ್ಟೂ ನಕಲಿಗಳನ್ನು ಗುರುತಿಸಿ ಪಟ್ಟಿ ಮಾಡಬೇಕೆಂದು ತೀರ್ಮಾನಿಸಿದ್ದೇನೆ.

ನಾನು ಬರೆಯುವುದನ್ನು ನೋಡಿ ಪಾರ್ವತಮ್ಮ ಅಡುಗೆಮನೆಯಿಂದಲೇ ಅಂದಳು: "ಇನ್ನೂ ಡ್ಯೂಟಿ ಮೇಲವ್ರೆ ಅನ್ನಂಗೆ ದಿನಾ ಬರ್ಕೊಂಡು ಕುಂತ್ಕತಾರೆ." ಮೂವತ್ತೇಳು ವರ್ಷ ಸಂಸಾರ ಮಾಡಿದರೂ ನನ್ನ ಬೆಲೆ ಗೊತ್ತಾಗದ ಹೆಂಗಸು.

ನವೆಂಬರ್ 7, ಶುಕ್ರವಾರ

ಮಧ್ಯಾಹ್ನ ಸಹನ ಬಂದಿದ್ದಳು. ಆಚಾರರ ಬೀದಿಯ ಬಡಗಿ ಮಂಜುನಾಥಾಚಾರಿಯ ಮಗಳು. ಮೂವತ್ತೆರಡು ವಯಸ್ಸು. ಬಿ.ಕಾಂ ಓದಿಯೂ ಅಪ್ಪನ ಜೊತೆ ಬಾಗಿಲು, ಕಿಟಕಿ ಮಾಡುತ್ತಾಳೆ. ಜಡೆಯಲ್ಲಿ ಯಾವಾಗಲೂ ಒಂದಿಷ್ಟು ಮರದ ಹೊಟ್ಟು.

"ಕಂಡಕ್ಟರ್ ಮಾವ, ನಾನು ಓಟಿಗೆ ನಿಂತ್ಕೊತಾ ಇವ್ನಿ. ನೀವು ಸೂಚಕರಾಗಿ ಒಂದು ಸೈನ್ ಹಾಕ್ಬೇಕು," ಅಂದಳು.

ಬಸ್ ನಿಲ್ದಾಣದ ಹಿಂದೆ ಬಡಗಿಗಳದ್ದು, ಕಮ್ಮಾರರದ್ದು ಸೇರಿ ಹದಿನಾರು ಕೊಟ್ಟಿಗೆಗಳಿವೆ. ಪುರಸಭೆಯ ಜಾಗ, ತಾತಂದಿರ ಕಾಲದಿಂದ ಬಾಡಿಗೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದಾರೆ. ಅದನ್ನು ಒಡೆದು ಮಳಿಗೆ ಕಟ್ಟಬೇಕೆಂದು ಶಿವಶಂಕರನ ಹಟ. ಎರಡು ಸಲ ಸದಸ್ಯನಾದವನು, ಈ ಸಲವೂ ಪಕ್ಷದ ಕಡೆಯಿಂದ ನಿಂತಿದ್ದಾನೆ. ಗುತ್ತಿಗೆ ಅವನ ಭಾವಮೈದುನನಿಗೇ ಅನ್ನುವುದು ಬೀದಿ ನಾಯಿಗೂ ಗೊತ್ತು. ಹೊಸ ಪುರಸಭೆಯ ಮೊದಲ ಸಭೆಯಲ್ಲೇ ತೀರ್ಮಾನ. ಗೆದ್ದು ಬರುವ ಸದಸ್ಯರು ಅರ್ಧ ಆ ಕಡೆ, ಅರ್ಧ ಈ ಕಡೆ ಆಗುವ ಅಂದಾಜಿರುವುದರಿಂದ ನಮ್ಮ ವಾರ್ಡಿನಿಂದ ಯಾರು ಹೋಗುತ್ತಾರೋ ಅವರ ಕೈಯಲ್ಲಿದೆ.

"ಅಪ್ಪಂಗೆ ಅರವತ್ತೆಂಟು, ಮಾವ. ಆ ಕೊಟ್ಟಿಗೆ ಹೋದ್ರೆ ಬೇರೆ ಕಡೆ ಹೋಗಿ ಕೂತ್ಕೊಳೋ ಜನ ಅಲ್ಲ ಅವ್ರು. ಕಾಳಮ್ಮನ ಹತ್ರ ಹೂ ಕೇಳ್ಕೊಂಡು ಬಂದೆ. ಬಲಗಡೆನೇ ಕೊಟ್ಲು."

ಇದನ್ನು ಕೇಳಿದ ಮೇಲೆ ನನಗೆ ಸಂಶಯ ಉಳಿಯಲಿಲ್ಲ. ನಾಮಪತ್ರವನ್ನು ಮನೆದೇವರ ಪಾದದಲ್ಲಿಟ್ಟು, ಪೂಜಾರಿ ವಿಗ್ರಹಕ್ಕೆ ಅಂಟಿಸಿದ ಹೂ ಯಾವ ಕಡೆಯಿಂದ ಬೀಳುತ್ತದೋ ಅಂತ ಕೈಮುಗಿದು ಕಾಯುವುದು ನಮ್ಮ ಕಡೆಯ ರೂಢಿ. ಬಲಗಡೆ ಬಿದ್ದರೆ ದೇವರ ಒಪ್ಪಿಗೆ. ನಕಲಿಗಳು ಆ ಕೆಲಸ ಮಾಡುವುದಿಲ್ಲ. ಅಧಿಕಾರಿಯ ಮುಂದೆ ಸುಳ್ಳು ಪ್ರಮಾಣ ಮಾಡಲು ಅವರಿಗೆ ಧೈರ್ಯವಿರುತ್ತದೆ, ಮನೆದೇವರ ಮುಂದೆ ನಿಲ್ಲಲು ತೊಡೆ ನಡುಗುತ್ತದೆ. ಸಹನ ಅಸಲಿ. ಈ ವಾರ್ಡಿನಲ್ಲಿ ಅವಳೊಬ್ಬಳೇ ಅಸಲಿ.

"ನೋಡನ ಹೋಗವ್ವ," ಅಂದೆ. ಒಂದು ಸಲ ಕೇಳಿದ ತಕ್ಷಣ ಹೂಂ ಅಂದುಬಿಡುವುದಕ್ಕೆ ನಾನೇನು ದಾರಿಯಲ್ಲಿ ಬಿದ್ದಿದ್ದೇನೆಯೇ? ಊಟಕ್ಕೆ ಕರೆದರೂ ಮರ್ಯಾದಸ್ಥ ಮೊದಲನೇ ಕರೆಗೆ ಏಳುವುದಿಲ್ಲ. ಇನ್ನೆರಡು ಸಲ ಬಂದು ಕೇಳಲಿ, ಖಂಡಿತ ಹಾಕುತ್ತೇನೆ. ಅಷ್ಟರಲ್ಲಿ ಅವಳಿಗೆ ಅನುಕೂಲವಾಗಲಿ ಅಂತ ನಕಲಿಗಳ ಪಟ್ಟಿಯನ್ನೂ ಸಿದ್ಧಮಾಡಿರುತ್ತೇನೆ.

ಪಾರ್ವತಮ್ಮನಿಗೆ ಇದು ಅರ್ಥವಾಗುವುದಿಲ್ಲ. "ಕೆಲ್ಸ ಬುಟ್ಟು ಬಂದಿತ್ತು ಆ ಮಗ. ಒಂದ್ ಸೈನಿಗೆ ಏನ್ ಬಿಗುಮಾನವೋ," ಅಂದಳು.

ನವೆಂಬರ್ 10, ಸೋಮವಾರ

ಇವತ್ತಿನಿಂದ ನಾಮಪತ್ರ. ಕಚೇರಿ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಬೆಳಗ್ಗೆ ಹತ್ತಕ್ಕೇ ಹೋಗಿ ಕೂತೆ. ಜೊತೆಗೆ ಚಲುವಯ್ಯ. ಹದಿನಾಲ್ಕು ವರ್ಷ ಅವನು ಡ್ರೈವರ್, ನಾನು ಕಂಡಕ್ಟರ್, ಒಂದೇ ಬಸ್ಸು. ನನ್ನ ಸೀಟಿಯ ಸದ್ದಿನಲ್ಲೇ ನನಗೆ ಸಿಟ್ಟು ಬಂದಿದೆಯೋ ಇಲ್ಲವೋ ಹೇಳುತ್ತಿದ್ದ.

"ಲೇ ತಮ್ಮಯ್ಯ, ಇವ್ರ್ನೆಲ್ಲ ಕಾಯ್ಕೊಂಡು ಕುಂತಿರು ಅಂತ ನಿಂಗೆ ಪೆನ್ಸನ್ ಕೊಡ್ತಾವ್ರೇನ್ಲಾ?" ಅಂದ. ಆದರೂ ಎದ್ದು ಹೋಗಲಿಲ್ಲ. ಅವನಿಗೂ ತಮಾಷೆ ಬೇಕು.

ಮೊದಲು ಬಂದವನು ಒಂಬತ್ತನೇ ವಾರ್ಡಿನ ಕೋಳಿ ಅಂಗಡಿಯವನು. ಜನ್ಮದಲ್ಲಿ ಇಸ್ತ್ರಿ ಕಾಣದವನು ಹೊಸ ಷರಟು ಹಾಕಿದ್ದ. ಕಾಲರಿನ ಹಿಂದೆ ಅಂಗಡಿಯ ಚೀಟಿ ಹಾಗೇ ಇತ್ತು. ವರಾಂಡದವರೆಗೆ ಹೋಗಿ ನೋಡಿದೆ. ಅಧಿಕಾರಿ ಏನು ಕೇಳಿದರೂ ಬಾಗಿಲ ಬಳಿ ನಿಂತವನ ಮುಖ ನೋಡಿ ಉತ್ತರ ಹೇಳುತ್ತಿದ್ದ. ತನ್ನ ಅಪ್ಪನ ಹೆಸರು ಹೇಳುವುದಕ್ಕೂ ಒಂದು ಸಲ ಬಾಗಿಲ ಕಡೆ ತಿರುಗಿದ. ಥೂ.

ನಮ್ಮ ವಾರ್ಡಿಗೆ ಬಂದವಳು ಮಾರಮ್ಮ. ಬಸ್ ನಿಲ್ದಾಣದ ಬಾಗಿಲಲ್ಲಿ ಸೊಪ್ಪು ಮಾರುವವಳು. ಸೀರೆಯ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ನಾಮಪತ್ರ ಅವಳ ಕೈಯಲ್ಲಿ ಬಾಳೆಎಲೆಯ ಹಾಗೆ ನೇತಾಡುತ್ತಿತ್ತು. ಅದರ ಅಕ್ಷರ ನೋಡಿದೆ, ಕೋಳಿ ಅಂಗಡಿಯವನ ಅರ್ಜಿಯ ಮೇಲಿದ್ದ ಅದೇ ದುಂಡು ಅಕ್ಷರ. ಶಿವಶಂಕರನ ಮನೆಯಲ್ಲಿ ಕೂತು ಯಾರೋ ಒಬ್ಬನೇ ಎಲ್ಲರದನ್ನೂ ತುಂಬಿ ಕಳಿಸುತ್ತಿದ್ದಾನೆ. ಯಾವ ಚಿಹ್ನೆ ಬೇಕು ಅಂತ ಕೇಳಿದ್ದಕ್ಕೆ, "ಯಾವ್ದಾರಾ ಕೊಡಿ ಸಾ, ಏನಾಯ್ತದೆ," ಅಂದಳಂತೆ. ಅಸಲಿಗಳು ಚಿಹ್ನೆಗಾಗಿ ಕೊರಳಪಟ್ಟಿ ಹಿಡಿದುಕೊಳ್ಳುತ್ತಾರೆ. ಇವಳು ಕೊತ್ತಂಬರಿ ಕೊಡುವವಳ ಹಾಗೆ ಯಾವುದಾದರೂ ಅನ್ನುತ್ತಾಳೆ!

ಆಚೆ ಬಂದವಳನ್ನು ಕೇಳಿದೆ: "ಮನೆದೇವ್ರ ಹೂ ಕೇಳಿದ್ಯೇನಮ್ಮ?"

"ಅಯ್ಯೋ ಬುಡಣ್ಣ, ಇದಕ್ಕೆಲ್ಲ ದೇವ್ರ ಯಾಕೆ ಎಬ್ಬಿಸ್ಬೇಕು," ಅಂತ ನಕ್ಕು ಹೋದಳು.

ನಾಚಿಕೆ ಅನ್ನುವುದು ಒಂದು ಎಳೆಯಾದರೂ ಬೇಡವೇ? ಮನುಷ್ಯ ಬಡವನಾಗಬಹುದು, ಇನ್ನೊಬ್ಬನ ಕೈಗೊಂಬೆಯಾಗಬಾರದು. ಪಟ್ಟಿಯಲ್ಲಿ ಮೊದಲ ಹೆಸರು ಅವಳದ್ದೇ ಬರೆದೆ.

ನವೆಂಬರ್ 13, ಗುರುವಾರ

ಸಹನ ನಾಮಪತ್ರ ಕೊಟ್ಟಳು. ಸೂಚಕಿ ಯಾರು ಅಂದರೆ ಪುಟ್ಟಗೌರಮ್ಮ. ಇಡ್ಲಿ ಮಾರುವ ಪುಟ್ಟಗೌರಮ್ಮ!

ಮೊನ್ನೆ, ನಿನ್ನೆ ಎರಡು ದಿನ ಮನೆಯಲ್ಲೇ ಇದ್ದೆ, ಸಂತೆಗೂ ಹೋಗದೆ. ಎರಡನೇ ಸಲ ಬಂದು ಕೇಳುವುದಕ್ಕೆ ಅವಳ ಕಾಲೇನು ಸವೆದು ಹೋಗುತ್ತಿತ್ತೇ? ಇಡೀ ತಾಲ್ಲೂಕಿಗೆ ಟಿಕೆಟ್ ಕೊಟ್ಟ ಕೈ ಇದು. ಇದಕ್ಕಿಂತ ಇಡ್ಲಿ ಎತ್ತುವ ಕೈ ಹೆಚ್ಚಾಯಿತು. ಕಚೇರಿ ಎದುರು ನನ್ನನ್ನು ನೋಡಿ, "ಮಾವ, ನಿಮ್ಗೆ ಇಷ್ಟ ಇಲ್ಲವೇನೋ ಅಂದ್ಕೊಂಡು ಮತ್ತೆ ತೊಂದ್ರೆ ಕೊಡ್ಲಿಲ್ಲ," ಅಂದಳು. ಓದಿದವರ ನಯ ಇದು. ಹೊಡೆದರೂ ಗಾಯ ಕಾಣುವುದಿಲ್ಲ.

ಅವಳಿಗೆಂದು ನೀಟಾಗಿ ಬರೆದಿಟ್ಟಿದ್ದ ಪಟ್ಟಿಯನ್ನು ಹರಿದು ಒಲೆಗೆ ಹಾಕಿದೆ. ಅದರ ಮೇಲೆ ಪಾರ್ವತಮ್ಮ ಸ್ನಾನಕ್ಕೆ ನೀರಿಟ್ಟುಕೊಂಡಳು.

ನವೆಂಬರ್ 14, ಶುಕ್ರವಾರ

ಶಿವಶಂಕರ ಮನೆಗೆ ಬಂದಿದ್ದ. ಕುರ್ಚಿ ಹಾಕಿದರೂ ಕೂರದೆ ನೆಲದ ಮೇಲೆ, ಚಾಪೆಯ ಮೇಲೆ ಕೂತ.

"ತಮ್ಮಯ್ಯಣ್ಣ, ನಾನು ಓಟ್ ಕೇಳಾಕೆ ಬಂದಿಲ್ಲ. ನೀವೇ ನಿಂತ್ಕಳಿ ಅಂತ ಕೇಳಾಕೆ ಬಂದಿವ್ನಿ."

"ನಿನ್ನ ಎದುರಿಗೇ?"

"ನನ್ನೆದುರ್ಗೇ ನಿಂತ್ಕಳಿ. ನಿಮ್ಮಂತ ನೆಟ್ಗಿರೋ ಮನುಷ್ಯನ ಕೈಲಿ ಸೋತ್ರೂ ನಂಗೆ ಮರ್ಯಾದೆ. ಇಡ್ಲಿ ಮಾರೋರು, ಸೊಪ್ಪು ಮಾರೋರೆಲ್ಲ ಸೇರ್ಕೊಂಡು ಈ ಎಲೆಕ್ಸನ್ ಮರ್ಯಾದೆ ಕಳೀತಾವ್ರೆ."

ಬೇಡ ಅಂದೆ. ಮತ್ತೆ ಕೇಳಿದ. ವಯಸ್ಸಾಯಿತು ಅಂದೆ. ಮೂರನೇ ಸಲ ಕೇಳಿದ, ನನ್ನ ಮೊಣಕಾಲು ಹಿಡಿದುಕೊಂಡು. ಇವನನ್ನು ನಾನು ಕಳ್ಳ ಅಂತಲೇ ತಿಳಿದಿದ್ದೆ, ಈಗಲೂ ಕಳ್ಳನೇ. ಆದರೆ ಮನುಷ್ಯನನ್ನು ಹೇಗೆ ಕೇಳಬೇಕು ಅನ್ನುವುದು ಗೊತ್ತಿದೆ. ಇದರಲ್ಲಿ ಮೋಸವಿದೆಯೇ ಅಂತ ಮುಖ ನೋಡಿದೆ. ನೇರವಾಗಿ ನನ್ನ ಕಣ್ಣನ್ನೇ ನೋಡುತ್ತಿದ್ದ. ನನ್ನ ಕಣ್ಣು ಮೂವತ್ತಾರು ವರ್ಷದಲ್ಲಿ ತಪ್ಪಿದ್ದಿಲ್ಲ.

ಯೋಚಿಸಿ ನೋಡಿದರೆ ನಾನು ನಿಲ್ಲುವುದೇ ಸರಿ. ಈ ವಾರ್ಡಿಗೆ ಒಬ್ಬ ಅಸಲಿ ಪಕ್ಷೇತರ ಬೇಕು. ಸಹನ ಒಳ್ಳೆಯವಳೇ ಇರಬಹುದು, ಆದರೆ ಜನರ ಬೆಲೆ ತಿಳಿಯದವಳು ಸಭೆಯಲ್ಲಿ ಕೂತು ಏನು ಮಾಡುತ್ತಾಳೆ?

ನವೆಂಬರ್ 17, ಸೋಮವಾರ

ನಾಮಪತ್ರ ಕೊಟ್ಟು ಬಂದೆ. ಕಡೆಯ ದಿನ, ವಿಪರೀತ ನೂಕುನುಗ್ಗಲು.

ಷರಟು ಶಿವಶಂಕರನ ಕಡೆಯವರು ತಂದುಕೊಟ್ಟದ್ದು. ನನಗೇನು ಷರಟಿಗೆ ಗತಿಯಿಲ್ಲವೆಂದಲ್ಲ, ಎದುರಾಳಿಯ ಮರ್ಯಾದೆಯ ಕಾಣಿಕೆಯನ್ನು ತಳ್ಳಬಾರದು. ಅರ್ಜಿಯನ್ನೂ ಅವರೇ ತುಂಬಿಕೊಂಡು ಬಂದಿದ್ದರು. ನನ್ನ ಕನ್ನಡಕದ ಒಂದು ಗಾಜು ಸರಿಯಿಲ್ಲ, ತಪ್ಪು ಬರೆದರೆ ಅರ್ಜಿ ತಿರಸ್ಕಾರವಾಗುತ್ತದೆ. ಸೂಚಕನಾಗಿ ಸಹಿ ಹಾಕಿದವನು ಯಾರೋ ಒಳ್ಳೆಯ ಹುಡುಗ, ಹೆಸರು ಕೇಳಿಕೊಳ್ಳಬೇಕು. ಅಧಿಕಾರಿ ಮತದಾರರ ಪಟ್ಟಿಯ ಭಾಗ ಸಂಖ್ಯೆ ಕೇಳಿದಾಗ ಬಾಗಿಲ ಕಡೆಯಿಂದ ಗಾಳಿ ಬಂತು, ಸುಮ್ಮನೆ ಆ ಕಡೆ ತಿರುಗಿದೆ. ಅಲ್ಲಿ ನಿಂತಿದ್ದವನು ಸಂಖ್ಯೆ ಹೇಳಿದ.

ಮನೆಗೆ ಬಂದಾಗ ಪಾರ್ವತಮ್ಮ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಮೊರ ನಿಲ್ಲಿಸದೆಯೇ ಕೇಳಿದಳು: "ಬೈರಪ್ಪನ ಹೂ ಕೇಳಿದ್ರಾ?"

ನಮ್ಮ ಮನೆದೇವರ ಗುಡಿ ನಾಗಮಂಗಲದಿಂದಲೂ ಆಚೆ. ಹೋಗಿ ಬರಲು ಒಂದು ದಿನ ಪೂರ್ತಿ ಬೇಕು. ಪುರುಸೊತ್ತು ಎಲ್ಲಿದೆ? ಆ ರೂಟಿನಲ್ಲಿ ಡ್ಯೂಟಿ ಮಾಡುವಾಗ ಗುಡಿಯ ಮುಂದೆ ದಿನಾ ಬಸ್ಸಿನಿಂದಲೇ ಕೈಮುಗಿದಿದ್ದೇನೆ. ಅಷ್ಟು ಭಕ್ತಿ ಸಾಲದೇ? ಗೆದ್ದ ಮೇಲೆ ಹೋದರಾಯಿತು ಅಂದೆ. ಅವಳು ಮೊರವನ್ನು ಜೋರಾಗಿ ಕೊಡವಿದಳು.

ನವೆಂಬರ್ 20, ಗುರುವಾರ

ಇವತ್ತು ವಾಪಸ್ ತೆಗೆದುಕೊಳ್ಳುವ ಕಡೆಯ ದಿನ. ನಮ್ಮ ವಾರ್ಡಿನಲ್ಲಿ ಯಾರೂ ತೆಗೆಯಲಿಲ್ಲ. ಶಿವಶಂಕರ, ಇನ್ನೊಂದು ಪಕ್ಷದವನು, ಸಹನ, ಮಾರಮ್ಮ, ನಾನು. ಐದು ಜನ.

ಚಿಹ್ನೆ ಹಂಚಿದರು. ಸಹನಳಿಗೆ ಹೊಲಿಗೆ ಯಂತ್ರ, ಮಾರಮ್ಮನಿಗೆ ಬಕೆಟ್. ನನಗೆ ಸೀಟಿ! ನಾನು ಬಾಯಿ ತೆರೆಯುವ ಮೊದಲೇ ಶಿವಶಂಕರನ ಕಡೆಯವನು ಅಂದ: "ನಿಮ್ಗೇ ಅಂತ ಸೀಟಿ ಬರ್ಸಿದ್ದೊ ಅಣ್ಣ, ಅರ್ಜೀಲಿ." ಅಷ್ಟು ಜನರಲ್ಲಿ ನನ್ನ ಕೆಲಸವನ್ನು ನೆನಪಿಟ್ಟುಕೊಂಡವರು ಅವರೊಬ್ಬರೇ. ಸುಳ್ಳೇಕೆ, ಕಣ್ಣು ತುಂಬಿ ಬಂತು. ನಿವೃತ್ತಿಯ ದಿನ ಡಿಪೋದಲ್ಲಿ ಒಂದು ಹಾರ ಹಾಕಿ, ನನ್ನ ಹೆಸರನ್ನು ತಿಮ್ಮಯ್ಯ ಅಂತ ಕೂಗಿ ಕಳಿಸಿದ್ದರು.

ಹಳೆಯ ಸೀಟಿಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿನೀರಿನಲ್ಲಿ ತೊಳೆದೆ.

ನವೆಂಬರ್ 23, ಭಾನುವಾರ

ಪ್ರಚಾರ. ನಿವೃತ್ತ ನೌಕರರ ಬಡಾವಣೆ ಮತ್ತು ಆಚಾರರ ಬೀದಿ, ಇವೆರಡಕ್ಕೇ ಹೋಗಿ ಅಂತ ಶಿವಶಂಕರನ ಕಡೆಯವರ ಸಲಹೆ. ಅಲ್ಲಿ ನನಗೆ ಹೆಸರಿದೆಯಂತೆ. ಅವನ ಕೇರಿಗೆ ಹೋಗುವುದು ಬೇಡವಂತೆ, ಅಲ್ಲಿಯ ಜನ ಒರಟರು. ಸರಿ, ಅನುಭವಸ್ಥರು ಹೇಳಿದ್ದನ್ನು ಕೇಳಬೇಕು.

ಆಚಾರರ ಬೀದಿಯ ಮನೆಗಳನ್ನು ಮುಗಿಸಿ ಕೊಟ್ಟಿಗೆಗಳ ಕಡೆ ಹೋದೆ. ಮಂಜುನಾಥಾಚಾರಿ ಉಳಿ ಕೆಳಗಿಟ್ಟು, ಕೂರಲು ಹಲಗೆ ಒರೆಸಿ, ನೀರು ಕೊಟ್ಟ. ಜಗಳವಾಡುತ್ತಾನೆ ಅಂದುಕೊಂಡು ಹೋಗಿದ್ದೆ. ನನ್ನ ಕರಪತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿದ.

"ಕೊಟ್ಗೆ ವಿಚಾರ ಇದ್ರಲ್ಲಿ ಇಲ್ವಲ್ಲ ತಮ್ಮಯ್ಯ."

ಅಚ್ಚು ಹಾಕಿಸಿದವರು ಮರೆತಿದ್ದಾರೆ ಅಂದೆ. ನಾನು ಗೆದ್ದರೂ ಕೊಟ್ಟಿಗೆ ಉಳಿಸುವವನೇ ಅಂದೆ. ನಿಜವಾಗಿಯೂ ಉಳಿಸುತ್ತೇನೆ.

"ಅಂಗಾರೆ ನಮ್ ಸಹನನೂ ಅದಕ್ಕೇ ನಿಂತವ್ಳಲ್ಲ. ಇಬ್ರೂ ಯಾಕ್ ನಿಂತ್ಕಬೇಕಿತ್ತು?"

ಮರದ ಕೆಲಸದವರಿಗೆ ರಾಜಕೀಯ ತಿಳಿಯುವುದಿಲ್ಲ. ಅದನ್ನು ಅವನಿಗೆ ಬಿಡಿಸಿ ಹೇಳುವಷ್ಟು ಸಮಯವೂ ನನಗಿರಲಿಲ್ಲ. ನೀರು ಕುಡಿದು ಎದ್ದು ಬಂದೆ.

ನವೆಂಬರ್ 25, ಮಂಗಳವಾರ

ಇವತ್ತಿನ ಅವಮಾನ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಮೈಕ್ ಕಟ್ಟಿದ ಆಟೋ ಮಧ್ಯಾಹ್ನ ಎರಡಕ್ಕೆ ಬಂತು. ಒಳಗೆ ನೋಡಿದರೆ ಸೊಪ್ಪಿನ ಮಾರಮ್ಮ ಕಾಲು ಚಾಚಿ ಕೂತಿದ್ದಾಳೆ. ಆಟೋದ ಎಡಗಡೆ ನನ್ನ ಫೋಟೋ, ಸೀಟಿ. ಬಲಗಡೆ ಅವಳ ಫೋಟೋ, ಬಕೆಟ್.

"ಬಾ ಕಂಡಕ್ಟ್ರಣ್ಣ, ಅತ್ಕೊ. ಬೆಳಿಗ್ಗೆ ನಂದು, ಮದ್ಯಾನದ ಮೇಲೆ ನಿಂದಂತೆ. ಬೋರ್ಡನ್ನ ಎರಡೂ ಕಡಿಕೆ ಕಟ್ಬುಟ್ಟವ್ರೆ."

ಇದು ನನ್ನ ಆಟೋ, ಇಳಿ ಅಂದೆ.

"ನಿಂದೂ ಅಲ್ಲ, ನಂದೂ ಅಲ್ಲ, ಶಿವಶಂಕ್ರಪ್ಪಂದು. ನಿನ್ನೂ ಅವ್ರೇ ತಾನೆ ನಿಲ್ಸಿರೋದು?"

"ನನ್ನ ಯಾರೂ ನಿಲ್ಲಿಸಿಲ್ಲ! ನಾನೇ ನಿಂತಿವ್ನಿ!" ಬೀದಿಯೆಲ್ಲ ಕೇಳುವಂತೆ ಕೂಗಿಬಿಟ್ಟೆ.

"ಅಂಗೇ ಯೋಳು ಅಂತ ನಂಗೂ ಯೋಳ್ಕೊಟ್ಟವ್ರೆ ಕಣಣ್ಣ," ಅಂದಳು, ಸ್ವಲ್ಪವೂ ಬೇಸರವಿಲ್ಲದೆ. ಆಮೇಲೆ ದನಿ ತಗ್ಗಿಸಿ, "ನನ್ ಸೊಪ್ಪಿನ ಜಾಗ ಬಸ್‌ಸ್ಟಾಂಡ್ ಬಾಗ್ಲಲ್ಲದೆ. ನಿಲ್ದೇ ಇದ್ರೆ ಎಬ್ಬಿಸ್ತೀವಿ ಅಂದ್ರು, ನಿಂತೆ. ಆದ್ರೆ ಓಟ್ ಕೊಡಿ ಅಂತ ಒಬ್ರುನ್ನೂ ಕೇಳಿಲ್ಲ. ಮನೆ ಮುಂದ್ಕೋಗಿ ಕೈ ಮುಗ್ದು, ಚೆನ್ನಾಗಿದ್ದೀರಾ ಅಂತ ಮಾತಾಡ್ಸ್ಕೊಂಡು ಬತ್ತೀನಿ. ನೀನೂ ಅಂಗೇ ಮಾಡು. ಆ ಆಚಾರ್ರ ಮಗಳ ಅನ್ನ ನಾವ್ಯಾಕ್ ಕಿತ್ಕಬೇಕು?"

ನಕಲಿಯೊಬ್ಬಳು ನನಗೆ ಬುದ್ಧಿ ಹೇಳುವ ಹಾಗಾಯಿತು. ತನ್ನ ಹಾಗೆಯೇ ಊರೆಲ್ಲ ಇದೆ ಅಂತ ತಿಳಿದಿದ್ದಾಳೆ. ಶಿವಶಂಕರನ ಜಿಪುಣತನಕ್ಕೂ ಒಂದು ಮಿತಿ ಬೇಡವೇ? ಒಂದು ಆಟೋ ಪೂರ್ತಿ ಕೊಡಲು ಅವನಿಗೆ ಏನು ಬಂದಿತ್ತು? ಆಟೋ ಹತ್ತಲಿಲ್ಲ. ಸೀಟಿ ಊದಿ ಅದನ್ನು ಕಳಿಸಿಬಿಟ್ಟೆ. ನಡೆದುಕೊಂಡೇ ಬಡಾವಣೆಗೆ ಹೋಗಿ, ಮನೆಮನೆಗೂ ನಿಂತು, ನಾನು ಯಾರ ಕಡೆಯವನೂ ಅಲ್ಲ ಅಂತ ಹೇಳಿದೆ. ಎಲ್ಲರೂ ನಂಬಿದರು. ನನ್ನ ಮಾತನ್ನು ನಂಬದವರು ಆ ಬಡಾವಣೆಯಲ್ಲಿ ಇಲ್ಲ.

ನವೆಂಬರ್ 27, ಗುರುವಾರ

ಜ್ವರ. ಮೈಕ್ ಸದ್ದು ಕೇಳಿದರೆ ತಲೆ ಸಿಡಿಯುತ್ತದೆ. ಅದರಲ್ಲಿ ಕೂಗುತ್ತಿದ್ದುದು ನನ್ನ ಹೆಸರೇ.

ನವೆಂಬರ್ 30, ಭಾನುವಾರ

ಮತದಾನ. ಏಳು ಗಂಟೆಗೇ ಮತಗಟ್ಟೆಗೆ ಹೋದೆ. ಒಳಗೆ ನನ್ನ ಏಜೆಂಟ್ ಕೂತಿದ್ದ. ನಾನು ಅವನನ್ನು ಅದುವರೆಗೆ ನೋಡಿರಲಿಲ್ಲ. ಅವನಿಗೂ ನನ್ನ ಗುರುತು ಹತ್ತದೆ, "ಯಾರ್ ಬೇಕಾಗಿತ್ತು?" ಅಂದ. ಪಕ್ಕದಲ್ಲಿ ಮಾರಮ್ಮನ ಏಜೆಂಟ್, ಅದರ ಪಕ್ಕದಲ್ಲಿ ಶಿವಶಂಕರನ ಏಜೆಂಟ್. ಮೂವರೂ ಒಂದೇ ಪೊಟ್ಟಣದಿಂದ ಚಿತ್ರಾನ್ನ ತಿನ್ನುತ್ತಿದ್ದರು. ಸಹನಳ ಕಡೆಯವನೊಬ್ಬ ಮೂಲೆಯಲ್ಲಿ ಒಂಟಿಯಾಗಿ ಕೂತು, ಅವರು ಮೂವರೂ ಒಟ್ಟಿಗೆ ತಕರಾರು ತೆಗೆದಾಗ ಏನೂ ಮಾಡಲಾಗದೆ ಎದ್ದು ಎದ್ದು ಕೂರುತ್ತಿದ್ದ.

ಸಹನ ಹೊರಗೆ ಗೆರೆಯಾಚೆ ನಿಂತಿದ್ದಳು. "ಜ್ವರ ಹೆಂಗದೆ ಮಾವ?" ಅಂದಳು. ಪರವಾಗಿಲ್ಲ ಅಂದೆ. ಯಾರು ಹೇಳಿದರೋ ಅವಳಿಗೆ.

ಪಾರ್ವತಮ್ಮ ಹನ್ನೊಂದಕ್ಕೆ ಬಂದು ಓಟು ಹಾಕಿ, ನನ್ನ ಕಡೆ ನೋಡದೆ ಮನೆಗೆ ಹೋದಳು. ಯಾರಿಗೆ ಹಾಕಿದೆ ಅಂತ ನಾನು ಕೇಳಲಿಲ್ಲ.

ಡಿಸೆಂಬರ್ 3, ಬುಧವಾರ

ಶಿವಶಂಕರ 412. ಸಹನ 395. ಇನ್ನೊಂದು ಪಕ್ಷದವನು 118. ನಾನು 43. ಮಾರಮ್ಮ ಸೊನ್ನೆ.

ಸೊನ್ನೆ ಅಂದಾಗ ಎಣಿಕೆ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ತನ್ನ ಓಟನ್ನೂ ತಾನು ಹಾಕಿಕೊಳ್ಳದ ಅಭ್ಯರ್ಥಿ! ಯಾಕಮ್ಮ ಅಂತ ಒಬ್ಬ ಅಧಿಕಾರಿ ಕೇಳಿದರೆ, "ನಂಗೊಬ್ರು ಬೇಕಾದೋರಿದ್ರು ಸಾ," ಅಂದಳು.

ಶಿವಶಂಕರ ತನ್ನ ಕೊರಳಿನ ಹಾರ ತೆಗೆದು ಎಲ್ಲರ ಮುಂದೆ ನನ್ನ ಕೊರಳಿಗೆ ಹಾಕಿದ. "ತಮ್ಮಯ್ಯಣ್ಣ, ನಿಮ್ ಉಪಕಾರ ಸಾಯೋಗಂಟ ಮರೆಯಾಕಿಲ್ಲ," ಅಂದ. ನಾನೇನು ಉಪಕಾರ ಮಾಡಿದೆ? ಅವನ ಎದುರು ನಿಂತವನು ನಾನು. ಹಾರ ತೆಗೆಯಬೇಕೆಂದರೆ ದಾರ ಕೊರಳಿಗೆ ಸಿಕ್ಕಿಕೊಂಡಿತ್ತು. ಫೋಟೋ ತೆಗೆದುಕೊಂಡರು.

ಸಹನಳ ಅಪ್ಪ ಗೇಟಿನಾಚೆ ನಿಂತಿದ್ದ. ಮಗಳು ಹೋಗಿ ಏನೋ ಹೇಳಿದಳು. ಅವನು ಟವೆಲ್ ತಲೆಗೆ ಸುತ್ತಿಕೊಂಡು ಕೊಟ್ಟಿಗೆಯ ಕಡೆ ನಡೆದ. ಮನೆಯ ಕಡೆ ಹೋಗಲಿಲ್ಲ.

ಹಾಗೆ ನೋಡಿದರೆ ನಲವತ್ಮೂರು ಸಣ್ಣ ಸಂಖ್ಯೆಯೇನಲ್ಲ. ಈ ಊರಿನಲ್ಲಿ ತಿಳಿವಳಿಕೆ ಇರುವವರು ನಲವತ್ಮೂರು ಜನ ಇದ್ದಾರೆ ಅಂತಾಯಿತು. ಉಳಿದವರು ಕುರಿಗಳು.

ಡಿಸೆಂಬರ್ 5, ಶುಕ್ರವಾರ

ಎರಡು ದಿನದಿಂದ ಆ ನಲವತ್ಮೂರು ಜನ ಯಾರು ಅಂತ ಲೆಕ್ಕ ಹಾಕುತ್ತಿದ್ದೇನೆ. ಡಿಪೋದ ಹಳೆಯ ಮೆಕ್ಯಾನಿಕ್, ಅಂಚೆಯವರು, ದಾದಿ ದೊಡ್ಡತಾಯಮ್ಮ. ಬೆಳಗ್ಗೆ ಚಲುವಯ್ಯ ಟೀ ಅಂಗಡಿಯಲ್ಲಿ ಸಿಕ್ಕಿದ. ನೀನೂ ಒಬ್ಬ ತಾನೇ ಅಂತ ಕೇಳಿದೆ, ಕೃತಜ್ಞತೆ ಹೇಳೋಣ ಅಂತ.

"ಊಂ ಕಣ್ಲಾ, ನಾನು, ನನ್ನೆಂಡ್ರು, ಇಬ್ರೂ ನಿಂಗೇ ಒತ್ತಿದ್ದು." ಲೋಟ ಕೆಳಗಿಟ್ಟ. "ಆ ಹುಡ್ಗೀಗೆ ಹಾಕಾದು ಅಂತಿದ್ದೊ. ನೀನು ಮನೆ ಬಾಗ್ಲಿಗೆ ಬಂದು, ಯಾರ ಕಡೆಯೋನೂ ಅಲ್ಲ ನಾನು ಅಂದಲ್ಲ, ಅದಕ್ಕೆ ನಿಂಗಾಕ್ದೊ. ನಮ್ ಲೈನಲ್ಲಿ ಎಲ್ರೂ ಅಂಗೇಯ."

ಇನ್ನೊಂದು ಟೀ ಹೇಳಲು ಕೈಯೆತ್ತಿದೆ. ಅವನು ಬೇಡ ಅಂದು ಮುಂದುವರಿಸಿದ.

"ಮಾರಮ್ಮಂಗೆ ಒಂದೋಟೂ ಬೀಳ್ನಿಲ್ಲ, ಯಾಕೇಳು? ಅವ್ಳು ಡಮ್ಮಿ ಅಂತ ಊರ್ಗೆಲ್ಲ ಗೊತ್ತಿತ್ತು. ಅವ್ಳಿಂದ ಯಾರ್ಗೂ ಒಂದ್ಕಡ್ಡಿಯಷ್ಟೂ ತೊಂದ್ರೆ ಆಗ್ನಿಲ್ಲ. ನಿನ್ನ ನಂಬ್ಬುಟ್ಟೊ ಕಣ್ಲಾ ತಮ್ಮಯ್ಯ. ಹದ್ನೇಳ್ ಓಟು ಕಣ್ಲಾ! ಹದ್ನೇಳ್ ಓಟ್ನಲ್ಲಿ ಹೋಯ್ತು ಆ ಹುಡ್ಗಿ."

ಹದಿನಾಲ್ಕು ವರ್ಷದಲ್ಲಿ ಅವನು ನನ್ನ ಮೇಲೆ ದನಿಯೆತ್ತಿದ್ದು ಇದೇ ಮೊದಲು. ಟೀ ದುಡ್ಡು ತಾನೇ ಕೊಟ್ಟು, ಹೇಳದೆ ಎದ್ದು ಹೋದ. ಡ್ರೈವರುಗಳಿಗೆ ಬಿ.ಪಿ. ಇರುತ್ತದೆ, ಅದಕ್ಕೇ ಹೀಗೆ ರೇಗುತ್ತಾರೆ.

ಊಟ ಸೇರಲಿಲ್ಲ.

ಡಿಸೆಂಬರ್ 6, ಶನಿವಾರ

ಏನೂ ಇಲ್ಲ.

ಡಿಸೆಂಬರ್ 8, ಸೋಮವಾರ

ಸಂಜೆ ಸಹನ ಬಂದಳು. ಒಳಗೆ ಹೋಗಿ ಮಲಗಿರುವ ಹಾಗೆ ಮಾಡೋಣ ಅನ್ನುವಷ್ಟರಲ್ಲಿ ಪಾರ್ವತಮ್ಮ ಬಾಗಿಲು ಪೂರ್ತಿ ತೆಗೆದು, "ಬಾ ಮಗ, ಅವ್ರೆ," ಅಂದುಬಿಟ್ಟಳು.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಚೀಲದಿಂದ ಒಂದು ಅರ್ಜಿ ತೆಗೆದಳು. ಹದಿನೈದಕ್ಕೆ ಪುರಸಭೆಯ ಮೊದಲ ಸಭೆ. ಕೊಟ್ಟಿಗೆಗಳನ್ನು ಒಡೆಯಬಾರದು ಅಂತ ಆಕ್ಷೇಪಣೆ. ಬಾಡಿಗೆದಾರರು ಬರೆದುಕೊಟ್ಟರೆ ಸ್ವಾರ್ಥ ಅಂತ ಬದಿಗಿಡುತ್ತಾರೆ, ವಾರ್ಡಿನಲ್ಲಿ ನಿಂತು ಸೋತ ನಾಲ್ಕೂ ಅಭ್ಯರ್ಥಿಗಳು ಸಹಿ ಹಾಕಿದರೆ ಜಿಲ್ಲಾಧಿಕಾರಿಯವರೆಗೂ ತೂಕ ಇರುತ್ತದೆ ಅಂತ ಯಾರೋ ವಕೀಲರು ಹೇಳಿದ್ದಾರಂತೆ.

ಅವಳ ಸಹಿ ಇತ್ತು. ಇನ್ನೊಂದು ಪಕ್ಷದವನದೂ ಇತ್ತು. ಅದರ ಕೆಳಗೆ ಒತ್ತಿ ಒತ್ತಿ ಬರೆದ ದೊಡ್ಡ ಅಕ್ಷರ: ಮಾರಮ್ಮ, ಪಕ್ಷೇತರ ಅಭ್ಯರ್ಥಿ.

"ಅವಳ ಸೊಪ್ಪಿನ ಜಾಗ?" ಅಂತ ಕೇಳಿದೆ.

"ನಿನ್ನೆನೇ ಎಬ್ಬಿಸ್ಬುಟ್ರು ಮಾವ. ಈಗ ನಮ್ ಕೊಟ್ಗೆ ಮುಂದೆ ಕೂತ್ಕೊತಾರೆ. ಅದೂ ಎಷ್ಟು ದಿನವೋ."

ಪೆನ್ನು ತೆಗೆದುಕೊಂಡೆ. ತಮ್ಮಯ್ಯ, ನಿವೃತ್ತ ಕಂಡಕ್ಟರ್ ಅಂತ ಬರೆದೆ. ಅವಳು ಬಗ್ಗಿ ನೋಡಿದಳು.

"ಹಿಂಗ್ ಬರೆದ್ರೆ ತಗೊಳಲ್ಲ ಮಾವ. ಪಕ್ಷೇತರ ಅಭ್ಯರ್ಥಿ ಅಂತ ಬರೀಬೇಕು."

ಬರೆಯಲು ಹೋದೆ. ಮೂವತ್ತಾರು ವರ್ಷ ಓಡುವ ಬಸ್ಸಿನಲ್ಲಿ ನಿಂತು ಬರೆದ ಕೈ, ನೆಲದ ಮೇಲೆ ಕೂತು ಬರೆಯಲಾರದೆ ಹೋಯಿತು. ಪಾರ್ವತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಾಯಿಗೆ ಹೇಗೆ ಬಂತೋ ತಿಳಿಯದು, ಅಂದುಬಿಟ್ಟೆ:

"ನಾನು ಪಕ್ಷೇತರ ಅಲ್ಲ ಕಣವ್ವ."

ಸಹನ ನನ್ನ ಮುಖ ನೋಡಿದಳು.

"ಗೊತ್ತು ಮಾವ," ಅಂದಳು. "ಬರೀರಿ."

ಬರೆದೆ.